ಬೆನ್ನಿನ ಮೇಲೆ ಬಿಳಿ ಚೌಕ

೧೬ ಜನವರಿ ೧೯೭೮, ಸೋಮವಾರ

ಕಾಲೇಜು ಮುಗಿದ ಮೇಲೆ ದಿನಚರಿ ಬರೆಯುವುದನ್ನೇ ಬಿಟ್ಟಿದ್ದೆ. ಇವತ್ತಿನಿಂದ ಮತ್ತೆ ಶುರು. ನನಗೆ ಕೆಲಸ ಸಿಕ್ಕಿದೆ!

ಕೆಲಸ ಕೊಟ್ಟವನು ಸಾತಲಿಂಗಪ್ಪ ಮಾಮಾ, ಅವ್ವನ ಬೆನ್ನಿಗೆ ಬಿದ್ದ ತಮ್ಮ. ಅಪ್ಪ ತೀರಿಕೊಂಡ ಮೇಲೆ ವಿಜಾಪುರ ರಸ್ತೆಯ ತನ್ನ ಮನೆಯ ಹಿಂದಿನ ಎರಡು ಕೋಣೆಗಳನ್ನು ನಮಗೆ ಬಿಟ್ಟುಕೊಟ್ಟು, ನನ್ನನ್ನು ಬಿ.ಎಸ್ಸಿ.ವರೆಗೆ ಓದಿಸಿದವನೂ ಅವನೇ. ಊರಾಚೆಯ ಕುಂಭಾರಿಯಲ್ಲಿ ಅವನ ಕಾರಖಾನೆ ಇದೆ. ಇಷ್ಟು ದಿನ ಅಲ್ಲಿ ಹಲ್ಲುಪುಡಿ, ತಲೆನೋವಿನ ಮುಲಾಮು ಮಾಡುತ್ತಿದ್ದರು. ಈಗ ಮುಖಕ್ಕೆ ಹಚ್ಚುವ, ಬಣ್ಣ ಬೆಳ್ಳಗೆ ಮಾಡುವ ಸ್ನೋ ಮಾಡುತ್ತಾರಂತೆ. ಅದಕ್ಕೆ ಮುಂಬಯಿಯಿಂದ ಒಂದು ಬಿಳಿ ಪುಡಿ ಬಂದಿದೆ. ರಬ್ಬರು ಕೆಡದ ಹಾಗೆ ಬಳಸುವ ವಸ್ತುವಂತೆ, ಅದು ಚರ್ಮದ ಬಣ್ಣವನ್ನೂ ಇಳಿಸುತ್ತದಂತೆ. ಮನುಷ್ಯರಿಗೆ ಹಚ್ಚುವ ಮೊದಲು ಪ್ರಾಣಿಗಳಿಗೆ ಹಚ್ಚಿ ನೋಡಬೇಕು. ಅದು ನನ್ನ ಕೆಲಸ.

ಪುಣೆಯಿಂದ ರೈಲಿನಲ್ಲಿ ಬಂದ ಗಿನಿಪಿಗ್‌ಗಳು ಹಿಂದಿನ ಶೆಡ್ಡಿನಲ್ಲಿವೆ. ಎಲ್ಲ ಕಂದು, ಕಪ್ಪು. ಬಿಳಿಯವು ಈ ಕೆಲಸಕ್ಕೆ ಬರುವುದಿಲ್ಲ. ಬೆನ್ನಿನ ಕೂದಲು ಬೋಳಿಸಿ ಎರಡು ಚೌಕ ಗುರುತು ಮಾಡಬೇಕು. ಎಡಕ್ಕೆ ಬರೀ ಸ್ನೋ, ಬಲಕ್ಕೆ ಪುಡಿ ಕಲಸಿದ ಸ್ನೋ. ಹನ್ನೊಂದನೇ ನಂಬರಿನದಕ್ಕೆ ಮಾತ್ರ ಏನೂ ಹಚ್ಚದೆ ಹೋಲಿಕೆಗೆಂದು ಬಿಡುವುದು. ಗಾಜಿನ ಕಡ್ಡಿಯಿಂದ ಹಚ್ಚುವುದು, ಕೈಗೆ ರಬ್ಬರಿನ ಗವಸು. ಶೆಡ್ಡು ಬಳಿದು ಹುಲ್ಲು ಹಾಕಲು ಕುಂಭಾರಿಯ ಹಣಮವ್ವ ಇದ್ದಾಳೆ. ಅವಳು ಅವನ್ನು ನೋಡಿ, “ಬಾಲಿಲ್ಲದ ಇಲಿಗೆ ಕ್ಷೌರಾ ಮಾಡೂದು ಇದೇ ಮೊದಲ ನೋಡೀನ್ರಿ ನೀಲಕ್ಕ,” ಎಂದು ನಕ್ಕಳು.

ಮಾಮಾ ಎಲ್ಲರ ಎದುರಿಗೆ ಹೇಳಿದ: “ನಮ್ಮ ನೀಲಗಂಗಾ ಹೂಂ ಅಂದ್ರ ಮಾತ್ರ ಮಾಲು ಪ್ಯಾಟಿಗೆ ಹೋಗತದ. ಆಕಿ ಬ್ಯಾಡ ಅಂದ್ರ ಬ್ಯಾಡ.”

ಮಾಮಾ ಗೋಧಿ ಬಣ್ಣ. ಅವನ ಮಗ ಶಾಂತಪ್ಪ ಅವನಿಗಿಂತಲೂ ತಿಳಿ. ಹಣಮವ್ವ ಎಣ್ಣೆಗಪ್ಪು. ನಾನು ಹಣಮವ್ವನ ಕಡೆಗೇ ಹತ್ತಿರ. ಆರನೇ ನಂಬರಿನ ಗಿನಿಪಿಗ್ ಥೇಟ್ ನನ್ನ ಬಣ್ಣದ್ದು.

೯ ಫೆಬ್ರುವರಿ

ಬಣ್ಣ ಇಳಿಯುತ್ತಿದೆ! ಬಲಗಡೆಯ ಚೌಕ ಹಚ್ಚಿದ ಎಲ್ಲವುಗಳಲ್ಲೂ ತಿಳಿಯಾಗಿದೆ. ಎಡಗಡೆಯದು ಹಾಗೇ ಇದೆ. ಮಾಮಾ ಬೆಳಕಿಗೆ ಹಿಡಿದು ನೋಡಿ, ಪೇಢೆ ತರಿಸಿ ಹಂಚಿದ. ಶಾಂತಪ್ಪನೂ ಬಂದಿದ್ದ. ಸ್ನೋಗೆ ಹೆಸರು ಅವನೇ ಇಟ್ಟಿದ್ದಾನೆ, “ಚಾಂದಣಿ”.

ಶಾಂತಪ್ಪನಿಗೂ ನನಗೂ ಮದುವೆ ಎಂದು ಚಿಕ್ಕಂದಿನಿಂದ ಮನೆಯಲ್ಲಿ ಆಡಿಕೊಂಡದ್ದೇ. ಆದರೆ ಅವನ ತಾಯಿ ಸೋನಾಬಾಯಿ ಅತ್ತೆ ಇನ್ನೂ ಬಾಯಿಬಿಟ್ಟು ಹೂಂ ಎಂದಿಲ್ಲ. ಸಂಜೆ ಅಂಗಳದಲ್ಲಿ ಅಕ್ಕಿ ಆರಿಸುತ್ತ ಅವ್ವನಿಗೆ ಹೇಳುತ್ತಿದ್ದಳು: “ಹುಡುಗಿ ಗುಣಾ ಬಂಗಾರದಂಥಾದ್ದು ನೋಡ್ರಿ ಅಕ್ಕಾರ. ಬಣ್ಣ ಒಂದ ಸ್ವಲ್ಪ ತಿಳಿ ಇತ್ತಂದ್ರ...” ಅವ್ವ ಅಕ್ಕಿಯಿಂದ ತಲೆ ಎತ್ತಲಿಲ್ಲ. ನಾನು ಕೇಳಿಸದವಳ ಹಾಗೆ ಒಳಗೆ ಹೋಗಿ ಮುಖ ತೊಳೆದೆ. ತೊಳೆದರೆ ಹೋಗುವಂಥದ್ದಲ್ಲ ಎಂದು ಗೊತ್ತಿದ್ದೂ.

೨ ಮಾರ್ಚ್

ನಾಲ್ಕನೇ ನಂಬರಿನ ಚೌಕ ಸುಣ್ಣ ಬಳಿದ ಹಾಗಾಗಿದೆ. ತಿಳಿ ಅಲ್ಲ, ಬಿಳಿ. ಏಳು, ಹತ್ತು ಅದೇ ದಾರಿ ಹಿಡಿದಿವೆ. ಅದಾದರೂ ಹೋಗಲಿ ಎಂದರೆ, ಒಂಬತ್ತನೆಯದರ ಕಿವಿಯ ಮೇಲೆ ಒಂದು ಬಿಳಿ ಚುಕ್ಕೆ. ಕಿವಿಗೆ ನಾನು ಏನೂ ಹಚ್ಚಿಲ್ಲ. ಬೆನ್ನಿಗೆ ಹಚ್ಚಿದ್ದು ಕಿವಿಗೆ ಹೇಗೆ ಹೋಯಿತು?

ಮಾಮಾನನ್ನು ಶೆಡ್ಡಿಗೆ ಕರೆದುಕೊಂಡು ಹೋಗಿ ತೋರಿಸಿದೆ. “ಇದು ಬಣ್ಣ ಇಳಿಸೂದಲ್ಲ ಮಾಮಾ, ಬಣ್ಣ ಕೊಲ್ಲೂದು. ಮನಷ್ಯಾರಿಗೆ ಹಚ್ಚಿದ್ರ ತೊನ್ನ ಬಂದಂಗ ಆಗತದ. ಹಚ್ಚಬಾರದು.”

ಅವನು ಬಹಳ ಹೊತ್ತು ಒಂಬತ್ತನೆಯದರ ಕಿವಿಯನ್ನೇ ನೋಡಿದ. ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟು, “ಛಲೋ ಆತವಾ ನೀ ಹೇಳಿದ್ದು. ಇಲ್ಲಿಗೇ ನಿಲ್ಲಸೂಣು,” ಎಂದ. ಇಷ್ಟು ಖರ್ಚು ಮಾಡಿದವನು, ಒಂದು ಮಾತಿಗೆ ಬಿಟ್ಟುಕೊಟ್ಟ. ಎಂಥ ದೊಡ್ಡ ಮನಸ್ಸು ಅವನದು!

ಇನ್ನು ಮುಂದೆ ಹಚ್ಚುವುದಿಲ್ಲ. ಬಣ್ಣ ಮರಳಿ ಬರುತ್ತದೆಯೋ ಎಂದು ಕಾದು ನೋಡುವುದಷ್ಟೇ.

೨೭ ಮಾರ್ಚ್

ಬಣ್ಣ ಮರಳುತ್ತಿಲ್ಲ. ಬಿಸಿಲು ಜೋರಾಗಿದೆ. ಪಂಜರಗಳ ಮೇಲೆ ಹಸಿ ಗೋಣಿ ಹೊದಿಸಿದೆವು.

ಅವ್ವನಿಗೆ ಏನಾಗಿದೆಯೋ. ಪೇಟೆಯಿಂದ ತಂದ ನನ್ನ ಮಾಮೂಲಿ ಸ್ನೋ ಹಚ್ಚಿಕೊಂಡೆಯಾ ಎಂದು ದಿನಾ ಬೆಳಿಗ್ಗೆ ಸಂಜೆ ಕೇಳುತ್ತಾಳೆ. ಮೊದಲೆಲ್ಲ ನಾನು ಸ್ನೋ ಹಚ್ಚಿದರೆ, ಸಿನೆಮಾದವರ ಸೋಗು ಎಂದು ಬೈಯುತ್ತಿದ್ದವಳು. “ಬಸ್ಸಿನ್ಯಾಗ ಅಡ್ಡಾಡಿ ಮಾರಿ ಒಣಗೇದ, ಕುತ್ತಿಗಿಗೂ ಹಚ್ಚಿಕೋ,” ಎನ್ನುತ್ತಾಳೆ.

೧೦ ಏಪ್ರಿಲ್

ಯುಗಾದಿಯ ದಿನ ಅತ್ತೆ ಹೂಂ ಅಂದಳು! ದೀಪಾವಳಿ ಆದ ಮೇಲೆ ಮದುವೆ, ಅದಕ್ಕೂ ಮೊದಲು ಸಾಖರಪುಡಾ ಕೊಟ್ಟು ನಿಶ್ಚಯ. ಬೇವು ತಿನ್ನುವಾಗ ಶಾಂತಪ್ಪ ಪಕ್ಕದಲ್ಲಿ ಬಂದು ಮೆಲ್ಲಗೆ, “ನೀಲಾ, ನೀ ಈಗೀಗ ಬ್ಯಾರೆನ ಕಾಣಸ್ತಿ. ಮಾರಿ ಮ್ಯಾಲೆ ಬೆಳಕು ಬಂದದ,” ಎಂದ.

ನನಗೂ ಹಾಗೇ ಅನ್ನಿಸುತ್ತದೆ. ಕನ್ನಡಿಯಲ್ಲಿ ಒಂದು ಬಣ್ಣ ತಿಳಿಯಾಗಿದ್ದೇನೆ. ಸಂತೋಷಕ್ಕೆ ಹೀಗೂ ಆಗುತ್ತದೆ ಎಂದು ಹಿರಿಯರು ಹೇಳುತ್ತಾರಲ್ಲ.

೨೯ ಏಪ್ರಿಲ್

ದವಡೆಯ ಕೆಳಗೆ ಒಂದು ಬಿಳಿ ಕಲೆ. ಅವರೆಕಾಳಿನಷ್ಟು.

ಶೆಡ್ಡಿನಲ್ಲಿ ಎಲ್ಲೋ ತಾಗಿರಬೇಕು. ಗವಸು ಹರಿದಿತ್ತೇ? ಬೆವರು ಒರೆಸಿಕೊಂಡೆನೇ? ಆದರೆ ಮಾರ್ಚಿನಿಂದ ನಾನು ಆ ಸ್ನೋ ಮುಟ್ಟಿಯೇ ಇಲ್ಲ.

ಅವ್ವನಿಗೆ ತೋರಿಸಿದೆ. ಅವಳು ನೋಡಿದಳು. ಒಳಗೆ ಹೋಗಿ ದೇವರ ಜಗಲಿಯ ಮುಂದೆ ಕುಳಿತವಳು ಊಟಕ್ಕೂ ಏಳಲಿಲ್ಲ.

೧೫ ಮೇ

ಕುತ್ತಿಗೆಗೆ ಮೂರು. ಎಡಗೆನ್ನೆಗೆ ಒಂದು. ಬಲಗೈಯ ಎರಡು ಬೆರಳ ತುದಿ.

ಇವತ್ತು ಅತ್ತೆಯ ಕಣ್ಣಿಗೆ ಬಿತ್ತು. ನಲ್ಲಿಯ ಹತ್ತಿರ ನನ್ನ ಸೆರಗು ಸರಿದಿತ್ತು. ಕೊಡ ಅಲ್ಲೇ ಬಿಟ್ಟು ಮುಂದಿನ ತನ್ನ ಮನೆಗೆ ಹೋಗಿ ಬಾಗಿಲ ಬಳಿ ನಿಂತು ಕೂಗಿದಳು: “ಕೋಡ ಹತ್ತೇದ ಈಕಿಗೆ! ತೊನ್ನ ಹತ್ತೇದ! ಇಷ್ಟ ದಿನಾ ಮುಚ್ಚಿಟ್ಟಾರ ತಾಯಿ ಮಗಳು!”

೧೭ ಮೇ

ಮದುವೆ ಇಲ್ಲ.

ಮಾಮಾ ಹಿಂದಿನ ಕೋಣೆಗೆ ಬಂದು ಅವ್ವನ ಎದುರಿಗೆ ಹೇಳಿದ. “ನನ್ನ ಮನಸಿನ್ಯಾಗ ಏನೂ ಇಲ್ಲ ಅಕ್ಕಾ. ಆದ್ರ ನಾಳೆ ಹುಟ್ಟೂ ಕೂಸಿನ ವಿಚಾರಾನೂ ಮಾಡಬೇಕಲ್ಲ.” ನನಗೆ, “ನೀ ಸ್ವಲ್ಪ ದಿನಾ ಕಾರಖಾನಿಗೆ ಬರಬ್ಯಾಡ, ವಿಶ್ರಾಂತಿ ತಗೋ,” ಎಂದ. ಅವನ ಕಣ್ಣು ನನ್ನ ಮುಖದ ಮೇಲೆ ನಿಲ್ಲಲಿಲ್ಲ. ಪಾಪ, ಅವನಿಗೂ ಎಷ್ಟು ದುಃಖವಾಗಿದೆಯೋ.

ಶಾಂತಪ್ಪ ಬರಲಿಲ್ಲ.

೨೨ ಮೇ

ಒಬ್ಬಳೇ ಚರ್ಮದ ಡಾಕ್ಟರ ಹತ್ತಿರ ಹೋಗಿದ್ದೆ. ವಯಸ್ಸಾದವರು, ಮರಾಠಿಯವರು. ದೀಪದ ಕೆಳಗೆ ಮುಖ ತಿರುಗಿಸಿ ತಿರುಗಿಸಿ ನೋಡಿದರು. ಇದು ತಾನಾಗಿ ಬಂದ ಕಲೆಯಲ್ಲ, ನೀನು ಮುಖಕ್ಕೆ ಏನು ತಿಕ್ಕುತ್ತೀ ಎಂದು ಕೇಳಿದರು. ಬೆರಳ ತುದಿ, ಕೆನ್ನೆ, ಕುತ್ತಿಗೆ: ಬೆರಳಿನಿಂದ ಏನೋ ತೆಗೆದು ತಿಕ್ಕಿಕೊಂಡ ದಾರಿಯಲ್ಲೇ ಕಲೆಗಳು ಬಂದಿವೆಯಂತೆ. ಬರೀ ಸ್ನೋ, ಪೇಟೆಯದು, ಕಾಲೇಜಿನಿಂದಲೂ ಅದೇ ಎಂದೆ. ಅದನ್ನು ಇವತ್ತೇ ನಿಲ್ಲಿಸು ಎಂದರು.

ಬಸ್‌ಸ್ಟ್ಯಾಂಡಿನಲ್ಲಿ ಕುಳಿತು ಯೋಚಿಸಿದೆ. ಸ್ನೋದಲ್ಲಿ ಏನಿದೆ ಎಂದು ನೋಡಿ ಹೇಳುವ ಯಂತ್ರ ನನ್ನ ಹತ್ತಿರ ಇಲ್ಲ. ಆದರೆ ನನಗೆ ಬರುವ ವಿದ್ಯೆ ಒಂದಿದೆಯಲ್ಲ. ಮನೆಗೆ ಹೋಗಿ ಡಬ್ಬಿ ತೆಗೆದುಕೊಂಡು ಕುಂಭಾರಿಯ ಬಸ್ಸು ಹತ್ತಿದೆ.

ಶೆಡ್ಡು ಖಾಲಿ! ಹಣಮವ್ವನ ಮನೆ ಹುಡುಕಿಕೊಂಡು ಹೋದೆ. “ಧಣ್ಯಾರು ಎಲ್ಲಾನೂ ಚೀಲದಾಗ ಹಾಕಿ ಹಳ್ಳಕ್ಕ ಒಗದ ಬಾ ಅಂದ್ರರಿ,” ಎಂದಳು. “ಜೀಂವ ಐತ್ರಿ ಅದಕ. ನನಗ ಕೈ ಬರಲಿಲ್ಲ. ಇಲ್ಲೇ ಮುಚ್ಚಿ ಇಟ್ಟೀನಿ. ಹೇಳಬ್ಯಾಡ್ರಿ ಮತ್ತ.” ಕೋಳಿಬುಟ್ಟಿಗಳ ಹಿಂದೆ ಎಲ್ಲವೂ ಇದ್ದವು, ಮೆಂತ್ಯದ ಕಡ್ಡಿ ಮೆಲ್ಲುತ್ತ.

ಹನ್ನೊಂದನೆಯದು ಕಂದು, ಯಾವತ್ತೂ ಪುಡಿ ಮುಟ್ಟದೇ ಇದ್ದದ್ದು. ಅದರ ಬೆನ್ನು ಬೋಳಿಸಿದೆ. ನನ್ನ ಮನೆಯ ಡಬ್ಬಿಯ ಸ್ನೋ ಹಚ್ಚಿದೆ. ಅದು ನನ್ನ ಅಂಗೈಯಲ್ಲಿ ನಡುಗುತ್ತಿತ್ತು. ಇಷ್ಟು ದಿನ ಇವು ಹೀಗೆ ನಡುಗುತ್ತಿದ್ದವೇ? ನೆನಪಿಲ್ಲ.

ಅವ್ವನಿಗೆ ಡಬ್ಬಿ ಮುಗಿಯಿತು, ಎಸೆದೆ ಎಂದು ಹೇಳಿದೆ. ದಿನಾ ಹೋಗಿ ಹಚ್ಚಿ ಬರಬೇಕು.

೧೮ ಜೂನ್, ಭಾನುವಾರ

ಬೆಳ್ಳಗಾಗಿದೆ.

ಹನ್ನೊಂದನೆಯದರ ಬೆನ್ನಿನ ಮೇಲೆ ಬಿಳಿ ಚೌಕ.

೧೯ ಜೂನ್

ನಿನ್ನೆ ಮುಂದೆ ಬರೆಯಲು ಆಗಲಿಲ್ಲ. ಈಗ ಬರೆಯುತ್ತೇನೆ.

ಮನೆಗೆ ಬಂದಾಗ ಅವ್ವ ಶೇಂಗಾಚಟ್ನಿ ಕುಟ್ಟುತ್ತಿದ್ದಳು. ಒರಳಿನ ಎದುರಿಗೆ ಕುಳಿತು ಕೇಳಿದೆ: “ನನ್ನ ಸ್ನೋದಾಗ ಏನ್ ಕಲಸಿದ್ದಿ?”

ಒನಕೆ ನಿಂತಿತು. ಅವ್ವ ಸುಳ್ಳು ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತೇನೋ.

“ಸಾತಲಿಂಗ ಕೊಟ್ಟಿದ್ದ. ಭಾರೀ ಔಷಧ ಅದ ಅಕ್ಕಾ, ನೀಲಾನ ಡಬ್ಬಿಯೊಳಗ ದಿನಾ ಸ್ವಲ್ಪ ಸ್ವಲ್ಪ ಕಲಸಿಡು, ಯುಗಾದಿ ಅನ್ನೂದ್ರಾಗ ಸೋನಾ ಹೂಂ ಅಂತಾಳ ಅಂದ. ಆಕಿಗೆ ಹೇಳಬ್ಯಾಡ, ಶ್ಯಾಣ್ಯಾಕಿ ಇದ್ದಾಳ, ಹೇಳಿದ್ರ ಹಚ್ಚಿಕೊಳ್ಳೂದಿಲ್ಲ ಅಂದ.”

“ಯಾವಾಗ ಕೊಟ್ಟ?”

“ಶಿವರಾತ್ರಿ ಆದ ಮ್ಯಾಲೆ.”

ನಾನು ಅವನಿಗೆ ಒಂಬತ್ತನೆಯದರ ಕಿವಿ ತೋರಿಸಿದ್ದು ಶಿವರಾತ್ರಿಗೂ ಮೊದಲು. ನನ್ನ ತಲೆಯ ಮೇಲೆ ಕೈಯಿಟ್ಟು ನಿಲ್ಲಿಸೋಣ ಎಂದ ಮೇಲೆ, ಆ ಕೈಯಿಂದಲೇ ಕೊಟ್ಟಿದ್ದಾನೆ.

“ನನ್ನ ಯಾಕ ಒಂದ ಮಾತ ಕೇಳಲಿಲ್ಲವ್ವಾ?” ಎಂದೆ.

“ನಿನ್ನ ಛಲೋದಕ್ಕ...” ಎಂದು ಶುರು ಮಾಡಿ ನನ್ನ ಕೆನ್ನೆ ಮುಟ್ಟಲು ಬಂದಳು. ಎದ್ದು ಬಂದುಬಿಟ್ಟೆ.

ಅವನದು ವ್ಯಾಪಾರ. ಪ್ರಾಣಿಗಳ ಮೇಲೆ ಆಯಿತು, ಇನ್ನು ಮನುಷ್ಯರ ಮೇಲೆ ಏನಾಗುತ್ತದೆಂದು ನೋಡಬೇಕಿತ್ತು. ನನ್ನ ದೇಹ ಅವನ ಹಿತ್ತಲಲ್ಲೇ ಇತ್ತು. ಅನ್ನ ಹಾಕಿ ಸಾಕಿದ್ದ. ಅದನ್ನು ಹೇಗೋ ಅರ್ಥ ಮಾಡಿಕೊಳ್ಳಬಹುದು. ಆದರೆ ಅವ್ವ? ನನ್ನ ಬಣ್ಣ ಅವ್ವನದೇ ಬಣ್ಣ. ಅದನ್ನು ನನ್ನಿಂದ ಅಳಿಸಲು ದಿನಾ ಬೆಳಿಗ್ಗೆ, ನಾನು ಸ್ನಾನಕ್ಕೆ ಹೋದಾಗ, ಕಡ್ಡಿಯಿಂದ ಕಲಸುತ್ತಿದ್ದಳೇ? ನಾನಾದರೂ ಗಿನಿಪಿಗ್‌ಗಳಿಗೆ ಎಡಗಡೆಯ ಚೌಕ ಬಿಟ್ಟಿದ್ದೆ.

ಇವತ್ತು ಕಾರಖಾನೆಗೆ ಹೋದೆ. ಸಾತಲಿಂಗಪ್ಪ ಊರಲ್ಲಿಲ್ಲ ಎಂದರು. ಶಾಂತಪ್ಪ ಇದ್ದ. ನಿನಗೆ ಗೊತ್ತಿತ್ತೇ ಎಂದು ಕೇಳಿದೆ. ಅವನು ಡಬ್ಬಿಗಳ ಮೇಲೆ ಅಂಟಿಸುವ ಚೀಟಿಗಳನ್ನು ಸರಿಮಾಡುತ್ತ, “ಅಪ್ಪಾ ಪುಡಿ ಕಡಿಮಿ ಮಾಡ್ಯಾರ ಈಗ. ಹಂಗ ಎಲ್ಲಾರಿಗೂ ಆಗೂದಿಲ್ಲ,” ಎಂದ. ಚೀಟಿಯ ಮೇಲೆ ಚಾಂದಣಿ ಸ್ನೋ ಎಂದಿತ್ತು. ಅವನ ಉತ್ತರ ಅದರಲ್ಲೇ ಇತ್ತು.

೧೨ ಜುಲೈ

ಚಾಂದಣಿ ಸ್ನೋ ನವಿ ಪೇಠದ ಮಾರುಕಟ್ಟೆಗೆ ಬಂದಿದೆ. ಬಳೆ, ಕುಂಕುಮ ಮಾರುವ ಅಂಗಡಿಗಳಲ್ಲೆಲ್ಲ ಮುಂದೆಯೇ ಜೋಡಿಸಿದ್ದಾರೆ.

ಸೆರಗು ಹೊದೆಯದೆ ಹೋದೆ. ಮೊದಲು ನಾಗಣ್ಣನ ಅಂಗಡಿ. ಅಪ್ಪನ ಗೆಳೆಯನಾಗಿದ್ದವನು. ಕುತ್ತಿಗೆ, ಕೆನ್ನೆ ತೋರಿಸಿ ಹೇಳಿದೆ. ಅವನು ಕೇಳಿಸಿಕೊಂಡ. “ತಂಗಿ, ನೀ ಹೇಳಿದ್ದು ಖರೇನ ಇರಬೇಕು. ನಾ ತಗದ ಇಡತೀನಿ. ಆದ್ರ ಬಾಜೂಕಿನವ ಮಾರತಾನ.” ಪಕ್ಕದ ಅಂಗಡಿಯವನು ನನ್ನನ್ನು ಮೆಟ್ಟಿಲು ಹತ್ತಗೊಡಲಿಲ್ಲ. ತೊನ್ನಿನ ಹೆಂಗಸು ಅಂಗಡಿಯಲ್ಲಿ ನಿಂತರೆ ಗಿರಾಕಿ ಬರುವುದಿಲ್ಲವಂತೆ.

ಅಲ್ಲಿ ಒಬ್ಬ ಹುಡುಗಿ ಡಬ್ಬಿ ಕೈಯಲ್ಲಿ ಹಿಡಿದು ನಿಂತಿದ್ದಳು, ತಾಯಿಯ ಜೊತೆ. ರಸ್ತೆಯಿಂದಲೇ ಹೇಳಿದೆ: “ತಗೋಬ್ಯಾಡವಾ. ಇದನ್ನ ಹಚ್ಚಿ ನನಗ ಹಿಂಗಾತು ನೋಡು.”

ಹುಡುಗಿ ನನ್ನ ಕೆನ್ನೆಯ ಕಲೆಯನ್ನು ದಿಟ್ಟಿಸಿದಳು. “ಅಕ್ಕಾ, ಪೂರಾ ಮಾರಿಗೆ ಹಚ್ಚಿದ್ರ ಪೂರಾ ಹಿಂಗ ಬೆಳ್ಳಗ ಆಗತದೇನ್ರಿ?”

ಅವಳ ಕಣ್ಣಲ್ಲಿ ಆಸೆ ಇತ್ತು. ಕೊಂಡುಕೊಂಡೇ ಹೋದಳು.

ರಸ್ತೆಯಲ್ಲಿ ಅತ್ತು ಅಭ್ಯಾಸವಿಲ್ಲ. ಇವತ್ತು ಅತ್ತುಬಿಟ್ಟೆ.

೨೯ ಜುಲೈ

ಡಾಕ್ಟರಿಗೆ ಎಲ್ಲ ಹೇಳಿ, ಹಣಮವ್ವನ ಜೊತೆ ನಾಲ್ಕು ಗಿನಿಪಿಗ್ ತೆಗೆದುಕೊಂಡು ಹೋಗಿ ಅವರ ಮೇಜಿನ ಮೇಲೆ ಇಟ್ಟೆ. ಅಕ್ಕಲಕೋಟೆಯ ಕಡೆಯಿಂದ ಇಬ್ಬರು ಹೆಂಗಸರು ಇಂಥದೇ ಕಲೆ ತೆಗೆದುಕೊಂಡು ಬಂದಿದ್ದಾರಂತೆ. ಡಾಕ್ಟರು ಮೇಲಿನವರಿಗೆ ತಿಳಿಸಿದರು. ಸರಕಾರದ ಇನ್‌ಸ್ಪೆಕ್ಟರು ಬಂದು ಕಾರಖಾನೆಯಿಂದ ಮಾದರಿ ತೆಗೆದುಕೊಂಡು ಹೋದರಂತೆ. ಮತ್ತೆ ಬರುತ್ತಾರಂತೆ, ಪ್ರಾಣಿಗಳ ಕೆಲಸ ಮಾಡಿದವರನ್ನು ಮಾತಾಡಿಸಲು. ಅಂದರೆ ನನ್ನನ್ನು.

ಮಧ್ಯಾಹ್ನ ಸೋನಾಬಾಯಿ ಹಿಂದಿನ ಬಾಗಿಲಿಗೆ ಬಂದು ಜಗಳ ತೆಗೆದಳು. “ಹಾಲ ಕುಡಿಸಿದ ಮನಿಗೆ ವಿಷಾ ಹಾಕತಾಳ! ನಮ್ಮ ಸ್ನೋ ಅಷ್ಟ ಕೆಟ್ಟದ್ದೇನು? ನಮ್ಮ ಗುರುಲಿಂಗಮ್ಮಗ ಒಂದ ಡಬ್ಬಿ ಕೊಡ್ರಿ ಅಂತ ನಾ ಎಷ್ಟ ಸಲಾ ಕೇಳಿದ್ರೂ ನಮ್ಮ ಮನಿಯವರು ಕೊಡಲಿಲ್ಲ. ಹಂತಾ ತುಟ್ಟಿ ಮಾಲು ಅದು!”

ಗುರುಲಿಂಗಮ್ಮ ಅವಳ ಮಗಳು, ಶಾಂತಪ್ಪನ ತಂಗಿ. ಹೋದ ತಿಂಗಳಿಂದ ಅವಳಿಗೂ ವರ ನೋಡುತ್ತಿದ್ದಾರೆ.

ತಾನು ಏನು ಹೇಳಿದೆನೆಂದು ಸೋನಾಬಾಯಿಗೆ ತಿಳಿಯಲಿಲ್ಲ. ಒಲೆಯ ಮುಂದೆ ಕುಳಿತಿದ್ದ ಅವ್ವ ಮೆಲ್ಲಗೆ ತಿರುಗಿ ನೋಡಿದಳು.

೮ ಆಗಸ್ಟ್, ನಾಗರ ಪಂಚಮಿ

ಪ್ರತಿ ಪಂಚಮಿಗೂ ಸಾತಲಿಂಗಪ್ಪ ಅಕ್ಕನನ್ನು ತವರಿಗೆ ಕರೆಯಲು ಬರುತ್ತಾನೆ. ತವರು ಎಂದರೆ ಅಂಗಳದ ಆ ಕಡೆ. ಆದರೂ ಸೀರೆ, ಬಳೆ, ಕೊಬ್ಬರಿ ಹಿಡಿದು ಬಂದು, “ಏಳಕ್ಕಾ, ಹೋಗೂಣು,” ಎನ್ನಬೇಕು. ಆಗಲೇ ಅವ್ವ ಏಳುವುದು. ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು.

ಇವತ್ತೂ ಬಂದ. ನನ್ನ ಕಡೆ ತಿರುಗಿ ಮೊದಲ ಮಾತು: “ನೀಲಾ, ಆ ಸಾಹೇಬ ಬಂದ್ರ, ಪ್ರಾಣಿಗೋಳಿಗೆ ಏನೂ ಆಗಿಲ್ಲ, ನನಗ ಇದು ಮೊದಲಿಂದ ಇತ್ತು ಅಂತ ಹೇಳಿಬಿಡವಾ. ನಿನ್ನ ಲಗ್ನದ ಜವಾಬ್ದಾರಿ ನಂದು. ಎಂಥಾ ವರಾ ಬೇಕಂತಿ, ತರತೀನಿ.”

“ಇದ್ದದ್ದು ಇದ್ದಂಗ ಹೇಳತೀನ್ರಿ,” ಎಂದೆ.

“ಹಂಗಂದ್ರ ಈ ಮನ್ಯಾಗ ಇರೂದು ಹೆಂಗ ಆಗತದ, ನೀನ ಹೇಳು,” ಎಂದ. ದನಿ ಮೆತ್ತಗೇ ಇತ್ತು. ಮತ್ತೆ ಅವ್ವನಿಗೆ, “ಅಕ್ಕಾ, ನೀನರ ತಿಳಿಸಿ ಹೇಳು. ಏಳು, ಜೋಕಾಲಿ ಕಟ್ಟೀವಿ.”

ಅವ್ವ ಎದ್ದು ನಿಂತಳು. ನಾನು ಹೋಗಿಯೇ ಬಿಡುತ್ತಾಳೆ ಎಂದುಕೊಂಡೆ. ಅವಳು ಅವನ ಕೈಯ ಸೀರೆಯ ಮೇಲೆ ಕೈಯಿಟ್ಟು ಕೇಳಿದಳು:

“ಸಾತಲಿಂಗಾ, ಅದು ಅಷ್ಟ ಛಲೋ ಔಷಧ ಇತ್ತಲ್ಲ, ಗುರುಲಿಂಗಮ್ಮನ ಮಾರಿಗೆ ಯಾಕ ಹಚ್ಚಲಿಲ್ಲ?”

ಅವನು ಸೀರೆಯ ಮಡಿಕೆ ಸರಿಮಾಡಿದ. ಅವ್ವ ಕಾದಳು. ನಿಜಕ್ಕೂ ಉತ್ತರಕ್ಕೇ ಕಾದಳು. ಒಂದು ಉತ್ತರ ಸಿಕ್ಕರೆ ನಂಬಿಬಿಡಬೇಕು ಎಂಬ ಹಾಗೆ ಅವನ ಮುಖ ನೋಡುತ್ತ ನಿಂತಿದ್ದಳು.

“ಅಕ್ಕಾ, ಅದು ಬ್ಯಾರೆ...”

“ತಗೊಂಡ ಹೋಗಪಾ,” ಎಂದಳು ಅವ್ವ, ಸೀರೆಯನ್ನು ಅವನ ಎದೆಯ ಕಡೆಗೆ ದೂಡಿ. “ನನಗ ತಮ್ಮ ಇದ್ದ. ಇನ್ನ ಇಲ್ಲ.”

ಅವನು ಹೋದ ಮೇಲೆ ಟ್ರಂಕು ಎಳೆದು ಪಾತ್ರೆ ತುಂಬತೊಡಗಿದಳು. ನಾನು ಸಹಾಯ ಮಾಡಿದೆ. ಮಾತಾಡಲಿಲ್ಲ.

೧೩ ಆಗಸ್ಟ್, ಅಕ್ಕಲಕೋಟೆ

ಇನ್‌ಸ್ಪೆಕ್ಟರಿಗೆ ಗುರುವಾರ ಎಲ್ಲ ಹೇಳಿದೆ. ಮಾಲು ಮಾರದ ಹಾಗೆ ಮೊಹರು ಹಾಕಿದ್ದಾರೆ. ಅಂಗಡಿಗಳಿಗೆ ಹೋದದ್ದು ಹೋಯಿತು. ಆ ಹುಡುಗಿಯ ಮನೆ ಎಲ್ಲಿ ಎಂದು ನಾಗಣ್ಣನನ್ನು ಕೇಳಿದೆ, ಅವನಿಗೂ ಗೊತ್ತಿಲ್ಲ.

ಅಪ್ಪನ ತಮ್ಮ ಕಲ್ಲಣ್ಣ ಕಾಕಾ ನಮ್ಮನ್ನು ಇಲ್ಲಿಗೆ ಕರೆದುಕೊಂಡು ಬಂದ. ಇಷ್ಟು ವರ್ಷ ಅವ್ವ ಈ ಮನೆಯ ಹೊಸ್ತಿಲು ತುಳಿದಿರಲಿಲ್ಲ. ನನಗೆ ತಮ್ಮ ಇದ್ದಾನೆ, ಗಂಡನ ಮನೆಯವರ ಮುಂದೆ ಕೈಚಾಚುವುದಿಲ್ಲ ಎನ್ನುತ್ತಿದ್ದಳು.

ಸಂಜೆ ಓಣಿಯ ಹೆಂಗಸರು ನಮ್ಮನ್ನು ನೋಡಲು ಬಂದರು. ನಾನು ಕಟ್ಟೆಯ ಮೇಲೆ ಹೀರೇಕಾಯಿ ಹೆಚ್ಚುತ್ತಿದ್ದೆ. ಅವರಲ್ಲಿ ಹಿರಿಯಳಾದ ಸುಮಿತ್ರಾಬಾಯಿ ನನ್ನನ್ನು ನೋಡಿ, ದನಿ ತಗ್ಗಿಸಿ ಅವ್ವನನ್ನು ಕೇಳಿದಳು: “ಹುಟ್ಟಿಂದ ಅದ ಏನ ಕಲ್ಯಾಣಮ್ಮ, ತೊನ್ನು?”

ಅವ್ವ ಹೂಂ ಎಂದುಬಿಡಬಹುದಿತ್ತು. ದೇವರ ಇಚ್ಛೆ ಎಂದುಬಿಟ್ಟಿದ್ದರೂ ಯಾರೂ ಮುಂದೆ ಕೇಳುತ್ತಿರಲಿಲ್ಲ.

“ತೊನ್ನಲ್ಲ,” ಎಂದಳು ಅವ್ವ, ಎಲ್ಲರಿಗೂ ಕೇಳುವ ಹಾಗೆ. “ಅದು ನಾ ಮಾಡಿದ್ದು. ಬೆಳ್ಳಗ ಆಗಲಿ ಅಂತ ಆಕಿಗೆ ಗೊತ್ತಾಗದಂಗ ವಿಷಾ ಹಚ್ಚಿಸಿದೆ. ನನ್ನ ತಮ್ಮ ಕೊಟ್ಟ, ಖರೆ. ಕಲಸಿದಾಕಿ ನಾನು.”

ನಾನು ತಲೆ ಎತ್ತಲಿಲ್ಲ. ಹೀರೇಕಾಯಿ ಪೂರ್ತಿ ಹೆಚ್ಚಿ ಮುಗಿಸಿದೆ.

ಅವ್ವನ ಜೊತೆ ಇವತ್ತೂ ಮಾತಾಡಿಲ್ಲ. ಯಾವಾಗ ಆಡುತ್ತೇನೋ ಗೊತ್ತಿಲ್ಲ. ಊಟಕ್ಕೆ ಕರೆದಾಗ ಹೋಗಿ ಅವಳ ಪಕ್ಕದ ತಾಟಿಗೆ ಕುಳಿತೆ.